ಪದ ಬೇಕು (ಸಂಜೆಯೊಳಗೆ): ಮೈಗ್ರೇನ್, ಟೆನ್ಶನ್, ಕ್ಲಸ್ಟರ್, ಔರಾ

ನಮಸ್ಕಾರ. ತಲೆನೋವಿನ ಬಗೆಗಳ ಗೋಡೆಪಟ ಸಂಜೆ ಅಚ್ಚಿಗೆ ಹೋಗುತ್ತಿದೆ. ಮೈಗ್ರೇನಿಗೆ ‘ಅರೆತಲೆನೋವು’, ಟೆನ್ಶನ್ ಬಗೆಯದಕ್ಕೆ ‘ಒತ್ತಡದ ತಲೆನೋವು’, ಕ್ಲಸ್ಟರಿಗೆ ‘ಗುಚ್ಛ ತಲೆನೋವು’ ಎಂದು ಹಾಕಿದ್ದೇನೆ. ಸರಿಯೇ? ‘ಔರಾ’ಗೆ ಏನೂ ಹೊಳೆದಿಲ್ಲ.

*

ಅರೆ + ತಲೆ = ಅರೆದಲೆ. ಆದೇಶ ಸಂಧಿ ಮರೆತಿರಾ? ಗ್ರೀಕಿನ ‘ಹೆಮಿಕ್ರಾನಿಯಾ’ ಎಂದರೂ ಅರ್ಧ ಬುರುಡೆಯೇ. ಫ್ರೆಂಚರ ಬಾಯಲ್ಲಿ ಸವೆದು ‘ಮಿಗ್ರೇನ್’ ಆಗುವಷ್ಟರಲ್ಲಿ ಅವರ ‘ಅರೆ’ಯ ಅರ್ಧ ಉದುರಿಹೋಯಿತು. ನಮ್ಮದು ಇಡಿಯಾಗಿದೆ, ಬಳಸಿ.

*

> ಅರೆದಲೆ

‘ಅರೆದ ಲೆನೋವು’ ಎಂದು ಒಡೆದು ಓದುತ್ತಾರೆ, ಅಷ್ಟೆ. ಸುಶ್ರುತದಲ್ಲೇ ‘ಅರ್ಧಾವಭೇದಕ’ ಇದೆ.

*

ಗೋಡೆಪಟದಲ್ಲಿ ಅರ್ಧಾವಭೇದಕವೇ? ಓದುವಷ್ಟರಲ್ಲಿ ತಲೆನೋವು ಬರುತ್ತದೆ.

ಸಂಧಿ ಆಮೇಲೆ ನೋಡೋಣ, ತೊಡಕಿರುವುದು ‘ಅರೆ’ಯಲ್ಲೇ. ಒಂದೇ ಬದಿ, ಮಿಡಿತ, ಮಧ್ಯಮ ಇಲ್ಲವೇ ತೀವ್ರ ನೋವು, ಮೆಟ್ಟಿಲೇರಿದರೆ ಹೆಚ್ಚಾಗುವುದು: ಈ ನಾಲ್ಕರಲ್ಲಿ ಎರಡಿದ್ದರೆ ಸಾಕು. ಜೊತೆಗೆ ಓಕರಿಕೆ, ಅಥವಾ ಬೆಳಕು ಸದ್ದು ಎರಡೂ ಸಹಿಸಲಾಗದಿರುವುದು. ಮದ್ದು ಮಾಡದಿದ್ದರೆ 4ರಿಂದ 72 ಗಂಟೆ. ಎರಡೂ ಬದಿ ನೋಯುವವನು ‘ಅರೆ’ ನೋಡಿ, ಇದು ನನ್ನದಲ್ಲ ಎಂದು ಮುಂದೆ ಹೋಗುತ್ತಾನೆ. ‘ಮೈಗ್ರೇನ್’ ಎಂದೇ ಬರೆಯಿರಿ.

‘ಒತ್ತಡ’ ಇನ್ನೂ ಕೆಟ್ಟದ್ದು. ಅರ್ಧ ಜನ ಬಿಪಿ ಅಂದುಕೊಳ್ಳುತ್ತಾರೆ, ಉಳಿದವರು ಚಿಂತೆ. ಹಣೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಅದುಮುವ ನೋವು ಅದು, ಓಡಾಡಿದರೆ ಹೆಚ್ಚಾಗದು. ‘ಬಿಗಿತದ ತಲೆನೋವು’ ಎನ್ನಿ.

‘ಗುಚ್ಛ’ ಬೇಡ. ಗೊಂಚಲಾಗಿ ಬರುವುದು ದಾಳಿಗಳು. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡಿ ಮಾಯವಾಗುತ್ತವೆ. ಒಂದು ದಾಳಿ 15ರಿಂದ 180 ನಿಮಿಷ, ಒಂದೇ ಕಣ್ಣಿನ ಸುತ್ತ. ಅದೇ ಕಣ್ಣಲ್ಲಿ ನೀರು, ಅದೇ ಕಡೆ ಮೂಗು ಕಟ್ಟು. ಮೈಗ್ರೇನಿನವರು ಕತ್ತಲಲ್ಲಿ ಅಲ್ಲಾಡದೆ ಮಲಗುತ್ತಾರೆ, ಇವರು ಕೂತಲ್ಲಿ ಕೂರಲಾರರು. ‘ಸಾಲು ತಲೆನೋವು’ ಒಪ್ಪುತ್ತದೆ.

*

ಔರಾಗೆ ‘ಮುನ್ಸೂಚನೆ’ ಹಾಕಲೇ? ನಿಘಂಟು ‘ಪ್ರಭಾವಳಿ’ ಅನ್ನುತ್ತಿದೆ.

*

ಪ್ರಭಾವಳಿ ದೇವರ ವಿಗ್ರಹಕ್ಕಿರಲಿ. ಮುನ್ಸೂಚನೆಯೂ ಬೇಡ: ಗಂಟೆಗಳ ಮೊದಲು, ಕೆಲವೊಮ್ಮೆ ಒಂದೆರಡು ದಿನ ಮೊದಲೇ, ಆಕಳಿಕೆ, ಕತ್ತು ಬಿಗಿತ ಕಾಣಿಸುತ್ತವಲ್ಲ, ಆ ಹಂತಕ್ಕೆ ಅದು ಬೇಕು. ಔರಾ ಬೇರೆ. ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗುತ್ತಾ ಹರಡುವುದು, ಕೈ ಜುಮ್ಮೆನ್ನುವುದು, ಮಾತು ತಡವರಿಸುವುದು. ಒಂದೊಂದೂ 5ರಿಂದ 60 ನಿಮಿಷ. ‘ಔರಾ’ ಬರೆದು ಕೆಳಗೆ ಒಂದು ಸಾಲು ವಿವರಿಸಿ.

*

ಮೈಗ್ರೇನ್ ಬಿಟ್ಟೆವು, ಔರಾ ಬಿಟ್ಟೆವು. ನಾಳೆ ‘ತಲೆ’ಯನ್ನೂ ಬಿಡೋಣ!

*

ಮೇಷ್ಟ್ರೇ, ಹಿಂದಿನವರು ‘ಅರ್ಧ’ ತಂದಾಗ ಕನ್ನಡ ಸಾಯಲಿಲ್ಲ. ‘ಬಿಗಿತ’ವೂ ‘ಸಾಲು’ವೂ ಎಲ್ಲಿಯವು ಅಂದುಕೊಂಡಿರಿ?

ಪಟದವರಿಗೆ ಒಂದು ಮಾತು. ‘ಮಾತ್ರೆ ಮಿತಿಮೀರಿದರೆ ಬರುವ ತಲೆನೋವು’ ಸೇರಿಸಿ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನಿಗೆಂದೇ ಇರುವ ಮದ್ದು) ಅಥವಾ ಹಲವು ಮದ್ದು ಬೆರೆತ ನೋವಿನ ಮಾತ್ರೆ 10 ದಿನ, ಅಥವಾ ಅದಕ್ಕೂ ಹೆಚ್ಚು, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ನೋವು ತರುತ್ತದೆ. ಇದಕ್ಕೆ ‘ಅತಿ ಔಷಧ ಸೇವನಾಜನ್ಯ’ ಎಂದು ಮಾತ್ರ ಬರೆಯಬೇಡಿ.