ಪದಚರ್ಚೆ: ವೀಕ್ಷಣಾಲಯದಿಂದ ಬಂದ ಹುಡುಗನಿಗೆ 'ಪುನರ್ವಸತಿ'ಯೋ, ಅವನನ್ನು 'ಕೂಡಿಸಿಕೊಳ್ಳುವುದೋ'?

ಗೆಳೆಯರೆ,

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಗ್ಯಾರೇಜು, ವರ್ಕ್‌ಶಾಪುಗಳಿಗೆ ಹಂಚಲು ಕರಪತ್ರ ಬರೆಯುತ್ತಿದ್ದೇನೆ. ವೀಕ್ಷಣಾಲಯ (ಅಪರಾಧದ ಆರೋಪ ಬಂದ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಗೃಹ, ಜನರ ಬಾಯಲ್ಲಿ 'ರಿಮ್ಯಾಂಡ್ ಹೋಮ್'), ವಿಶೇಷ ಗೃಹಗಳಿಂದ (ತಪ್ಪು ಸಾಬೀತಾದವರನ್ನು ಇರಿಸುವ ಕಡೆ) ಹೊರಬಂದ ಹುಡುಗರಿಗೆ ಕೆಲಸ ಕೊಡಿ, ಕಸಬು ಕಲಿಸಿ ಎಂದು ಕೇಳುವುದಕ್ಕೆ. ಅದರ ಮುಖ್ಯ ಪದವೇ ಸಿಗುತ್ತಿಲ್ಲ.

ಸರ್ಕಾರಿ ಕಾಗದದಲ್ಲಿರುವುದು 'ಪುನರ್ವಸತಿ'. ನಮ್ಮ ಕಡೆ ಈ ಮಾತು ಕಿವಿಗೆ ಬಿದ್ದರೆ ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡವರು, 2009ರ ನೆರೆಯಾದ ಮೇಲೆ ರೋಣ, ನರಗುಂದದ ಕಡೆ ಕಟ್ಟಿಸಿದ ಆಸರೆ ಮನೆಗಳು ನೆನಪಾಗುತ್ತವೆ. ಈ ಹುಡುಗರಲ್ಲಿ ಹೆಚ್ಚಿನವರಿಗೆ ಮನೆಯೂ ಇದೆ, ಓಣಿಯೂ ಇದೆ. ಮೊದಲಿನಂತೆ ಮಾತಾಡಿಸುವವರಿಲ್ಲ, ಅಷ್ಟೆ.

'ಮುಖ್ಯವಾಹಿನಿಗೆ ತರುವುದು' ಭಾಷಣದ ಮಾತು, ಬಿಡಿ. 'ದಾರಿಗೆ ಹಚ್ಚೋದು' ಜೀವಂತ ಮಾತು. ಆದರೆ ಹುಡುಗ ದಾರಿ ತಪ್ಪಿದವನು ಎಂಬ ತೀರ್ಪು ಅದರೊಳಗೇ ಕೂತಿದೆ. ಬಾಲ ನ್ಯಾಯ ಮಂಡಳಿಯ ವಿಚಾರಣೆ ಮುಗಿದು, ತಪ್ಪಿಲ್ಲವೆಂದು ಹೊರಬಂದವನಿಗೂ ಅದೇ ಮಾತು ಅಂಟುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 3ನೇ ಕಲಮು ಮಕ್ಕಳ ವಿಷಯದಲ್ಲಿ ಆರೋಪ ಹೊರಿಸುವಂಥ ಪದ ಬಳಸಬಾರದು ಎನ್ನುತ್ತದೆ. 24ನೇ ಕಲಮಿನ ಪ್ರಕಾರ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶಮಾಡಬೇಕು (16 ದಾಟಿ, ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಂಡವರ ಮಾತು ಬೇರೆ). ಕಾಗದ ಹೋದರೂ 'ರಿಮ್ಯಾಂಡ್ ಹೋಮಿನ ಹುಡುಗ' ಅನ್ನುವುದನ್ನು ಓಣಿ ಬಿಡುವುದಿಲ್ಲ. ಈ ಹಣೆಪಟ್ಟಿ ಕೆಲಸ ಕೇಳಲು ಹೋದಲ್ಲೆಲ್ಲ ಅವನಿಗಿಂತ ಮೊದಲೇ ಹೋಗಿರುತ್ತದೆ.

ನನ್ನ ಮನಸ್ಸು 'ಕೂಡಿಸಿಕೊಳ್ಳು' ಕಡೆಗಿದೆ. 'ಸುಧಾರಿಸಿದ' ಅಂದರೆ ಭಾರವೆಲ್ಲ ಹುಡುಗನ ಮೇಲೆ. 'ಅವನ್ನ ಕೂಡಿಸ್ಕೋರಿ' ಅಂದರೆ ಕೆಲಸ ನಮ್ಮದಾಗುತ್ತದೆ, ಆಗಬೇಕಾದ್ದೂ ಹಾಗೆಯೇ. ಅಳುಕು ಒಂದೇ: ಹಿಂದೆ 'ಕುಲಕ್ಕೆ ಕೂಡಿಸಿಕೊಳ್ಳುವುದು' ಅಂದರೆ ಹೊರಗಿಟ್ಟವನಿಗೆ ಪಂಚರು ದಂಡ ಹಾಕಿ, ಪ್ರಾಯಶ್ಚಿತ್ತ ಮಾಡಿಸಿ ಒಳಗೆ ತಗೊಳ್ಳುವುದು. ಹಿರಿಯರ ಕಿವಿಗೆ ಆ ದಂಡ ಇನ್ನೂ ಕೇಳಿಸುತ್ತದೆಯೆ? 'ಸೇರಿಸಿಕೊಳ್ಳು'ವಿಗೆ ಆ ತೊಡಕಿಲ್ಲ, ಆದರೆ ಶಾಲೆಗೆ ಹೆಸರು ಹಚ್ಚಿದಷ್ಟು ಸಪ್ಪೆ.

18 ತುಂಬಿ ಸಂಸ್ಥೆ ಬಿಟ್ಟವರಿಗೆ 21ರವರೆಗೆ ಕೊಡುವ ನೆರವನ್ನು 'ಅನುಪಾಲನೆ' ಎನ್ನುತ್ತಾರೆ. ಕರಪತ್ರದಲ್ಲಿ ಅದನ್ನು 'ಬೆನ್ನಿಗೆ ನಿಲ್ಲೋದು' ಎಂದೇ ಬರೆಯುತ್ತೇನೆ.

ಹಾವೇರಿ, ಹಾನಗಲ್ಲ, ಗದಗ ಕಡೆಯವರಲ್ಲಿ ವಿನಂತಿ: ಮನೆ ಬಿಟ್ಟು ಹೋದವನನ್ನೋ, ಒಳಗಿದ್ದು ಬಂದವನನ್ನೋ ಮನೆಯವರು, ಊರವರು ಮತ್ತೆ ತಮ್ಮವನೆಂದು ಕರೆದುಕೊಂಡಾಗ ನಿಮ್ಮಲ್ಲಿ ಏನನ್ನುತ್ತಾರೆ? ಬರೀ ಪದ ಸಾಲದು, ಆಡುವ ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿ.