ಮುನ್ನೂರು ಪುಟದ ಹಸ್ತಪ್ರತಿಯನ್ನು ವರ್ಡ್‌ನಲ್ಲಿ ಪುಸ್ತಕದ ಅಳತೆಗೆ ತರುವುದು ಹೇಗೆ?

ಆಲೆಮನೆ ಮೇಷ್ಟ್ರು, ಪಾಂಡವಪುರ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ನಮ್ಮ ಸೀಮೆಯ ಆಲೆಮನೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದಮೇಲೆ ಕಬ್ಬು ಹೇಗೆ ಊರು ತುಂಬಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದರೂ ಕೆಲವರು ಕೊಪ್ಪರಿಗೆ, ಅಚ್ಚು ಬೆಲ್ಲ ಬಿಡದೆ ಯಾಕೆ ಉಳಿದರು, ಇಂಥವೆಲ್ಲ ಅದರಲ್ಲಿದೆ. ನಡುನಡುವೆ ಹೆಂಗಸರು ಹಾಡುವ ತ್ರಿಪದಿಗಳಿವೆ. ಕೊನೆಗೆ ಗದ್ದೆ ಕೆಲಸದ ಪದಗಳ ಪಟ್ಟಿ ಇದೆ. ಹಳೇ ಫೋಟೋಗಳೂ ಉಂಟು.

ಮೊದಲ ಅರ್ಧವನ್ನು ಕೈಯಲ್ಲಿ ಬರೆದಿದ್ದೆ. ಅದನ್ನು ಒಂದು ಟೈಪಿಂಗ್ ಸೆಂಟರಿನವರು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹೊಡೆದುಕೊಟ್ಟರು. ಉಳಿದರ್ಧವನ್ನು ನಾನೇ ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್‌ನಲ್ಲಿ, ಅಂದರೆ ಈಗ ಎಲ್ಲ ಕಂಪ್ಯೂಟರು, ಫೋನುಗಳಲ್ಲಿ ನಡೆಯುವ ಅಕ್ಷರ ಪದ್ಧತಿಯಲ್ಲಿ, ಟೈಪ್ ಮಾಡಿದೆ. ಎರಡನ್ನೂ ಒಂದೇ ಫೈಲಿಗೆ ಸೇರಿಸಿದರೆ ಎ4 ಅಳತೆಯಲ್ಲಿ ಸುಮಾರು 300 ಪುಟ. ಮೊಮ್ಮಗಳು "ತಾತ, ಎಲ್ಲ ಸೆಲೆಕ್ಟ್ ಮಾಡಿ ಒಂದೇ ಫಾಂಟ್ ಹಾಕಿ" ಅಂದಳು. ಹಾಕಿದ್ದೇ ತಡ, ಮೊದಲ ಅರ್ಧ ಪೂರ್ತಿ ಪೌಂಡಿನ ಗುರುತು, ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಎ, ಏನೇನೋ ಆಗಿ ಕೂತಿದೆ. ಫಾಂಟ್ ವಾಪಸ್ ಹಾಕಿದರೆ ಅದು ಸರಿಹೋಗುತ್ತದೆ, ಎರಡನೇ ಅರ್ಧ ಮಾತ್ರ ಬೇರೆ ಥರ ಕಾಣುತ್ತದೆ.

ಇನ್ನೂ ಎರಡು ಮೂರು ತೊಂದರೆ ಇದೆ. ಅಕ್ಷರದ ಅಳತೆ 12 ಅಂತ ಕೊಟ್ಟರೆ ಇಂಗ್ಲಿಷ್ ಮಾತ್ರ ಬದಲಾಗುತ್ತದೆ, ಕನ್ನಡ ಅಲ್ಲಾಡುವುದಿಲ್ಲ. ಪರಿವಿಡಿಯನ್ನು ಚುಕ್ಕಿ ಒತ್ತಿ ಒತ್ತಿ ಮಾಡಿದ್ದೇನೆ, ಒಂದು ಪ್ಯಾರಾ ಸೇರಿಸಿದರೆ ಪುಟಸಂಖ್ಯೆ ಎಲ್ಲ ತಪ್ಪುತ್ತದೆ. ಪುಸ್ತಕದ ಅಳತೆ ಎಷ್ಟಿರಬೇಕು ಅನ್ನುವುದೂ ಗೊತ್ತಾಗಬೇಕು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆಗ ಮಳಿಗೆಗಳಲ್ಲಿ ಸ್ಕೇಲ್ ಹಿಡಿದು ನೋಡಿದೆ. ಹೆಚ್ಚಿನವು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ ಇದ್ದವು.

ದೊಡ್ಡ ಪ್ರಕಾಶಕರ ಹತ್ತಿರ ಹೋಗುವ ಆಸೆ ಇಲ್ಲ. ನೂರು ಪ್ರತಿ ಡಿಜಿಟಲ್ ಪ್ರಿಂಟ್ ಮಾಡಿಸಿ ನೆಂಟರಿಗೆ, ಶಾಲೆಗಳಿಗೆ, ಲೈಬ್ರರಿಗಳಿಗೆ ಕೊಡುವ ಯೋಚನೆ. ತಿಳಿದವರು ದಾರಿ ಹೇಳಿ.

ಹೆಬ್ಬಾಳ್ ಕೋಡರ್, ಮೈಸೂರು

ಸರ್, ವರ್ಡ್ ಬಿಟ್ಟುಬಿಡಿ. ಝೀಲಾಟೆಕ್ (XeLaTeX) ಕಲಿಯಿರಿ, ಆದೇಶಗಳನ್ನು ಬರೆದು ಪುಟ ಕಟ್ಟುವ ತಂತ್ರಾಂಶ ಅದು. ಪರಿವಿಡಿ, ಅಡಿಟಿಪ್ಪಣಿ, ಪುಟಸಂಖ್ಯೆ ಎಲ್ಲ ತಾನಾಗೇ ಬರುತ್ತದೆ. ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವ ವ್ಯವಸ್ಥೆಯೂ ಇದೆ, ಅದು ವರ್ಡ್‌ನಲ್ಲಿ ಇಲ್ಲ. ಒಂದು ವಾರ ಕೂತರೆ ಬಂದುಬಿಡುತ್ತೆ.

ಶಿವರಾಂಪೇಟೆ ಡಿಟಿಪಿ

ಹೆಬ್ಬಾಳದ ತಮ್ಮಾ, ನೀನು ಹೇಳಿದ್ದು ಸುಳ್ಳಲ್ಲ. ಆದರೆ ಮೇಷ್ಟ್ರು ಕೇಳಿದ್ದು ಪುಸ್ತಕ ಮುಗಿಸುವುದು ಹೇಗೆ ಅಂತ. ಹೊಸ ವಿದ್ಯೆ ಕಲಿಯುವುದು ಹೇಗೆ ಅಂತ ಅಲ್ಲ.

ಮೇಷ್ಟ್ರೇ, ನಮಸ್ಕಾರ. ಪುಟ ಕಟ್ಟುವುದೇ ನನ್ನ ಹೊಟ್ಟೆಪಾಡು. ಮುಂಚೆ ಪೇಜ್‌ಮೇಕರ್, ಈಗ ಇನ್‌ಡಿಸೈನ್. ಲೇಖಕರ ವರ್ಡ್ ಫೈಲುಗಳನ್ನು ದಿನಾ ಬಿಚ್ಚುತ್ತೇನೆ. ಆದ್ದರಿಂದ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಬೇಜಾರಾಗಬೇಡಿ. ಪುಟವನ್ನು ಕೈಯಲ್ಲಿ ಚಂದ ಮಾಡಲು ಹೋಗಬೇಡಿ. ಯಾವುದು ಏನು ಅಂತ ಗುರುತು ಹಾಕಿ. ಇದು ಅಧ್ಯಾಯದ ಹೆಸರು, ಇದು ಒಳಗಿನ ತಲೆಬರಹ, ಇದು ಮಾಮೂಲಿ ಪ್ಯಾರಾ, ಇದು ತ್ರಿಪದಿ, ಇದು ಫೋಟೋ ಕೆಳಗಿನ ಸಾಲು. ಇಷ್ಟಾದರೆ ಮುಕ್ಕಾಲು ಕೆಲಸ ಮುಗಿದಂತೆ. ಚಂದ ಮಾಡುವುದು ಆಮೇಲೆ ಐದು ಜಾಗದಲ್ಲಿ ಅಳತೆ ಬದಲಾಯಿಸುವ ಕೆಲಸ ಅಷ್ಟೇ.

ಮೊದಲು ನುಡಿಯ ಗೋಳು. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರ, ಗುರುತುಗಳೇ ಇವೆ. ಫಾಂಟು ಅವಕ್ಕೆ ಕನ್ನಡದ ರೂಪ ಕೊಟ್ಟು ತೋರಿಸುತ್ತದೆ. ಬೇರೆ ಫಾಂಟ್ ಹಾಕಿದಾಗ ನಿಮ್ಮ ಪೌಂಡಿನ ಗುರುತು ಹೊರಗೆ ಬಂತು. ಅದನ್ನು ಯೂನಿಕೋಡ್‌ಗೆ ಬದಲಾಯಿಸಲೇಬೇಕು. ನುಡಿಯಲ್ಲೂ 'ಬರಹ' ಅನ್ನುವ ಇನ್ನೊಂದು ತಂತ್ರಾಂಶದಲ್ಲೂ ಬದಲಾಯಿಸುವ ಸೌಲಭ್ಯ ಇದೆ, ಇಂಟರ್‌ನೆಟ್‌ನಲ್ಲೂ ಪರಿವರ್ತಕಗಳು ಸಿಗುತ್ತವೆ. ಒಂದೊಂದೇ ಅಧ್ಯಾಯ ಹಾಕಿ. ಪಠ್ಯ ಅಂಟಿಸಿ ಬದಲಾಯಿಸುವ ಕಡೆ ದಪ್ಪಕ್ಷರ, ಓರೆ ಅಕ್ಷರ, ಅಡಿಟಿಪ್ಪಣಿ ಹೋಗಿಬಿಡುತ್ತವೆ, ಹಾಗಾಗಿ ಹಳೇ ಪ್ರಿಂಟ್ ಪಕ್ಕದಲ್ಲಿ ಇಟ್ಟುಕೊಳ್ಳಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗುತ್ತದೆ. ಅದಕ್ಕೆ ಕಣ್ಣಾಡಿಸುವುದೊಂದೇ ಮದ್ದು.

ಬದಲಾಯಿಸಿದ ಮೇಲೆ ಸೊನ್ನೆ ಪರೀಕ್ಷೆ ಮಾಡಿ. ಕೆಲವರು 'ಮಂಡ್ಯ' ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಮಾಡಿದರೆ ಎಲ್ಲೋ ಹೋಗಿ ಕೂರುತ್ತದೆ. ನಿಮ್ಮ ಪದಪಟ್ಟಿಗೆ ಇದೇ ದೊಡ್ಡ ಶತ್ರು. ನೀವು ಇಸವಿಗಳನ್ನು 1933 ಅಂತ ಮಾಮೂಲಿ ಅಂಕಿಯಲ್ಲೇ ಬರೆದಿದ್ದೀರಿ, ಒಳ್ಳೆಯದಾಯಿತು. ಕನ್ನಡ ಸೊನ್ನೆ ಇರುವ ಕಡೆಯೆಲ್ಲ ಅನುಸ್ವಾರ ಬರುವ ಹಾಗೆ ಒಂದೇ ಏಟಿಗೆ ಬದಲಾಯಿಸಬಹುದು. ಕನ್ನಡ ಅಂಕಿಯಲ್ಲಿ ಇಸವಿ ಬರೆದವರು ಹೀಗೆ ಮಾಡಿದರೆ 2000ನೇ ಇಸವಿಯೇ ಕೆಟ್ಟುಹೋಗುತ್ತದೆ.

ಈಗ ಗುರುತು ಹಾಕುವ ಕೆಲಸ. ಹೋಮ್‌ನಲ್ಲಿ ಸ್ಟೈಲ್ಸ್ ಅಂತ ಒಂದು ಸಾಲು ಇದೆಯಲ್ಲ, ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ಹೆಡಿಂಗ್ 1 ಒತ್ತಿ. ಒಳ ತಲೆಬರಹಕ್ಕೆ ಹೆಡಿಂಗ್ 2. ಉಳಿದದ್ದು ನಾರ್ಮಲ್. ತ್ರಿಪದಿಗೆ ಹೊಸದೊಂದು ಸ್ಟೈಲ್ ಮಾಡಿ 'ಪದ' ಅಂತ ಹೆಸರಿಡಿ. ತ್ರಿಪದಿಯ ಮೂರು ಸಾಲಿನ ನಡುವೆ ಬರೀ ಎಂಟರ್ ಬೇಡ, ಶಿಫ್ಟ್ ಹಿಡಿದು ಎಂಟರ್ ಒತ್ತಿ. ಆಗ ಮೂರೂ ಸಾಲು ಒಂದೇ ಪ್ಯಾರಾ ಆಗಿ ಉಳಿಯುತ್ತದೆ. ಜೊತೆಗೆ ಪ್ಯಾರಾಗ್ರಾಫ್ ಡಬ್ಬಿಯಲ್ಲಿ 'ಕೀಪ್ ಲೈನ್ಸ್ ಟುಗೆದರ್' ಟಿಕ್ ಮಾಡಿದರೆ ಎರಡು ಸಾಲು ಈ ಪುಟ, ಒಂದು ಸಾಲು ಆ ಪುಟ ಆಗುವುದಿಲ್ಲ. ಹಾಡನ್ನು ಹಾಗೆ ಕತ್ತರಿಸಿದ ಪುಸ್ತಕ ಕಂಡರೆ ನನಗೆ ಮೈ ಉರಿಯುತ್ತದೆ.

12 ಕೊಟ್ಟರೂ ಕನ್ನಡ ಅಲ್ಲಾಡುವುದಿಲ್ಲ ಅಂದಿರಿ. ವರ್ಡ್ ಕನ್ನಡವನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅಂತ ಬೇರೆಯೇ ಖಾನೆಯಲ್ಲಿ ಇಡುತ್ತದೆ. ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್‌ಗೆ ಹೋಗಿ ಮೊದಲು ಕನ್ನಡ ಸೇರಿಸಿ. ಆಮೇಲೆ ನಾರ್ಮಲ್ ಮೇಲೆ ಬಲಗಡೆ ಬಟನ್ ಒತ್ತಿ, ಮಾಡಿಫೈ, ಫಾರ್ಮ್ಯಾಟ್, ಫಾಂಟ್. ಅಲ್ಲಿ ಲ್ಯಾಟಿನ್‌ಗೆ ಒಂದು ಫಾಂಟು, ಅಳತೆ. ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಇನ್ನೊಂದು. ಕನ್ನಡ ಕೇಳುವುದು ಎರಡನೆಯದರ ಮಾತು. ನೋಟೋ ಸೆರಿಫ್ ಕನ್ನಡ ಹಾಕಿ ನೋಡಿ, ಬಿಟ್ಟಿ ಸಿಗುತ್ತದೆ, ಮುದ್ರಣಕ್ಕೂ ತಕರಾರಿಲ್ಲ. ಸಾಲಿನ ಅಂತರಕ್ಕೆ 'ಎಕ್ಸಾಕ್ಟ್ಲಿ' ಆರಿಸಿ 18 ಅಥವಾ 19 ಪಾಯಿಂಟ್ ಕೊಡಿ. ಅದಕ್ಕಿಂತ ಬಿಗಿ ಮಾಡಿದರೆ ಒತ್ತಕ್ಷರದ ಬಾಲ ಕತ್ತರಿಸುತ್ತದೆ. 'ಸಿಂಗಲ್' ಅಂತ ಬಿಟ್ಟರೆ ಇಂಗ್ಲಿಷ್ ಪದ ಬಂದ ಸಾಲು ಒಂದು ಎತ್ತರ, ಬರದ ಸಾಲು ಇನ್ನೊಂದು ಎತ್ತರ ಆಗಬಹುದು.

ಪ್ಯಾರಾ ಶುರುವಿಗೆ ಸ್ಪೇಸ್ ಒತ್ತಿರುತ್ತೀರಿ, ಅಧ್ಯಾಯ ಮುಗಿದ ಮೇಲೆ ಪುಟ ತುಂಬುವ ತನಕ ಎಂಟರ್ ಒತ್ತಿರುತ್ತೀರಿ. ಎಲ್ಲರೂ ಹಾಗೇ ಮಾಡುವುದು. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ, ಎಲ್ಲ ಬಯಲಾಗುತ್ತದೆ. ಹುಡುಕುವ ಡಬ್ಬಿಯಲ್ಲಿ 6ರ ಮೇಲಿರುವ ಟೋಪಿ ಗುರುತು ಮತ್ತು ಚಿಕ್ಕ ಪಿ ಅಕ್ಷರ, ಈ ಜೋಡಿಯನ್ನು ಎರಡು ಸಲ ಹಾಕಿ, ಬದಲಿಗೆ ಒಂದೇ ಸಲ ಕೊಡಿ. ಮತ್ತೆ ಮತ್ತೆ ಮಾಡಿದರೆ ಖಾಲಿ ಪ್ಯಾರಾಗಳು ಹೋಗುತ್ತವೆ. ಪ್ಯಾರಾದ ಮೊದಲ ಸಾಲಿನ ಜಾಗವನ್ನು ನಾರ್ಮಲ್ ಸ್ಟೈಲಿನಲ್ಲೇ 'ಫಸ್ಟ್ ಲೈನ್' ಅಂತ ಕಾಲು ಇಂಚು ಕೊಡಿ. ಹೆಡಿಂಗ್ 1ಕ್ಕೆ 'ಪೇಜ್ ಬ್ರೇಕ್ ಬಿಫೋರ್' ಹಾಕಿದರೆ ಪ್ರತಿ ಅಧ್ಯಾಯವೂ ಹೊಸ ಪುಟದಲ್ಲೇ ಶುರು.

ಪರಿವಿಡಿ ಇನ್ನು ನಿಮ್ಮ ತಲೆನೋವಲ್ಲ. ಕೈಯಲ್ಲಿ ಮಾಡಿದ್ದನ್ನು ಅಳಿಸಿ, ರೆಫರೆನ್ಸಸ್‌ನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಒತ್ತಿ. ಪುಟ ಬದಲಾದಾಗ ಅದರ ಮೇಲೆ ಕ್ಲಿಕ್ ಮಾಡಿ ಎಫ್9.

ಅಳತೆ ನೀವು ಸರಿಯಾಗೇ ನೋಡಿದ್ದೀರಿ. ಮುದ್ರಣದವರು ಅದನ್ನು ಡೆಮಿ 1/8 ಅಂತಾರೆ. ಲೇಔಟ್‌ನಲ್ಲಿ ಕಾಗದದ ಅಳತೆ 5.5, 8.5 ಕೊಟ್ಟು 'ಹೋಲ್ ಡಾಕ್ಯುಮೆಂಟ್' ಆರಿಸಿ. ಮಾರ್ಜಿನ್ 'ಮಿರರ್' ಇರಲಿ. ಹೊಲಿಗೆಯ ಕಡೆ 0.8 ಇಂಚು, ಹೊರಗೆ 0.6 ಇದ್ದರೆ ಸಾಕು. ಡಿಜಿಟಲ್ ಪ್ರಿಂಟಲ್ಲಿ ಬೆನ್ನಿಗೆ ಅಂಟು ಹಾಕುತ್ತಾರೆ, ಒಳಗೆ ಜಾಗ ಇಲ್ಲದಿದ್ದರೆ ಓದುವವರು ಪುಸ್ತಕ ಮುರಿಯಬೇಕಾಗುತ್ತದೆ.

ಆಲೆಮನೆ ಮೇಷ್ಟ್ರು, ಪಾಂಡವಪುರ ಕಡೆ

ಮೇಡಂ, ನಿಮಗೆ ಎಷ್ಟು ಹೇಳಿದರೂ ಸಾಲದು. ನುಡಿ ಭಾಗ ಎಲ್ಲ ಬದಲಾಯಿಸಿದೆ. ಸೊನ್ನೆಯ ವಿಷಯ ನೀವು ಹೇಳಿದ ಹಾಗೇ ಇತ್ತು, ಅರ್ಧ ಪುಸ್ತಕದಲ್ಲಿ ಮಂಡ್ಯವೇ ಮಂಡ್ಯ ಆಗಿರಲಿಲ್ಲ. ಪದಪಟ್ಟಿಗೆ ಸಾರ್ಟ್ ಒತ್ತಿದೆ, ಅಕಾರಾದಿ ಬಂತು. ಎಡಗಡೆ ನ್ಯಾವಿಗೇಷನ್ ಅಂತ ಒಂದು ಪಟ್ಟಿ ತೆರೆದುಕೊಂಡಿದೆ. ಅಧ್ಯಾಯದ ಹೆಸರು ಎಳೆದು ಕೆಳಗೆ ಬಿಟ್ಟರೆ ಅಧ್ಯಾಯವೇ ಕೆಳಗೆ ಹೋಗುತ್ತದಲ್ಲ! ಮೊಮ್ಮಗಳಿಗೂ ಇದು ಗೊತ್ತಿರಲಿಲ್ಲ.

ಈಗ ಹೊಸ ತಕರಾರು. ಪುಟ ಚಿಕ್ಕದಾದ ಮೇಲೆ ಎರಡೂ ಕಡೆ ಸಮ ಮಾಡಿದರೆ ಪದಗಳ ನಡುವೆ ದೊಡ್ಡ ದೊಡ್ಡ ಸಂದು ಬೀಳುತ್ತಿದೆ. ಮೇಲ್ಗಡೆ ಎಡಪುಟಕ್ಕೆ ಪುಸ್ತಕದ ಹೆಸರು, ಬಲಪುಟಕ್ಕೆ ಅಧ್ಯಾಯದ ಹೆಸರು ಬರಬೇಕು ಅಂತ ಆಸೆ. ಫೋಟೋಗಳು ವಾಟ್ಸಾಪಿನಲ್ಲಿ ಬಂದವು, ಪ್ರಿಂಟ್ ಹಾಕಿದರೆ ಮಸುಕು.

ಕುವೆಂಪುನಗರದ ಓದುಗ

ಲಿಬ್ರೆಆಫೀಸ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಅಲ್ಲೂ ಇದೇ ಕಥೆ, ಹೆಸರು ಮಾತ್ರ ಬೇರೆ. ಆಪ್ಷನ್ಸ್‌ನಲ್ಲಿ ಭಾಷೆಗಳ ಭಾಗಕ್ಕೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಆನ್ ಮಾಡಿ. ಆಮೇಲೆ ಪ್ಯಾರಾಗ್ರಾಫ್ ಸ್ಟೈಲಿನ ಫಾಂಟ್ ಪುಟದಲ್ಲಿ ಸಿಟಿಎಲ್ ಫಾಂಟ್ ಅಂತ ಬೇರೆ ಖಾನೆ ಬರುತ್ತದೆ. ಕನ್ನಡದ್ದು ಅಲ್ಲಿ.

ಸಂದಿನ ವಿಷಯಕ್ಕೆ ನನ್ನ ಅಭಿಪ್ರಾಯ: ಬಲಗಡೆ ಸಮ ಮಾಡಲೇಬೇಡಿ. ಎಡಕ್ಕೆ ಮಾತ್ರ ಸಮ ಇದ್ದರೆ ಓದಲು ಏನೂ ಕಷ್ಟವಿಲ್ಲ.

ಶಿವರಾಂಪೇಟೆ ಡಿಟಿಪಿ

ಓದುಗರೇ, ಕವನ ಸಂಕಲನಕ್ಕೆ ಸರಿ. ಗದ್ಯದ ಪುಸ್ತಕ ಬಲಗಡೆ ಹಲ್ಲುಹಲ್ಲಾಗಿದ್ದರೆ ನಮ್ಮ ಜನ "ಇನ್ನೂ ಪ್ರೂಫಾ ಇದು?" ಅಂತ ಕೇಳುತ್ತಾರೆ. ಮೇಷ್ಟ್ರೇ, ಸಮ ಮಾಡಿಯೇ ಇಡಿ. ಕನ್ನಡದಲ್ಲಿ 'ನೋಡಿಕೊಳ್ಳಬೇಕಾಗಿರುವುದರಿಂದ' ಥರದ ಉದ್ದುದ್ದ ಪದ ಜಾಸ್ತಿ. ಅದು ಇಡಿಯಾಗಿ ಕೆಳಗೆ ಇಳಿದಾಗ ಮೇಲಿನ ಸಾಲು ಬೋಳಾಗುತ್ತದೆ. ತೀರಾ ಕೆಟ್ಟದಾಗಿ ಕಾಣುವ ಸಾಲುಗಳಲ್ಲಿ ಮಾತ್ರ, ಆ ಉದ್ದದ ಪದದ ನಡುವೆ ಕಂಟ್ರೋಲ್ ಹಿಡಿದು ಅಡ್ಡಗೆರೆ ಒತ್ತಿ. ಬೇಕಾದಾಗ ಅಲ್ಲಿ ಒಡೆಯುತ್ತದೆ, ಬೇಡದಿದ್ದರೆ ಗೆರೆ ಕಾಣುವುದಿಲ್ಲ. ಮಾಮೂಲಿ ಅಡ್ಡಗೆರೆ ಮಾತ್ರ ಹಾಕಬೇಡಿ. ನಾಳೆ ಸಾಲು ಸರಿದಾಗ ಪದದ ನಡುವೆ ಗೆರೆ ಹಾಗೇ ಉಳಿಯುತ್ತದೆ. ಈ ಕೆಲಸ ಎಲ್ಲಕ್ಕಿಂತ ಕೊನೆಗೆ. ಅಕ್ಷರ 12ರಿಂದ 11.5ಕ್ಕೆ ಇಳಿಸಿದರೂ ಅರ್ಧ ಸಂದು ಮಾಯವಾಗಬಹುದು, ಮೊದಲು ಅದನ್ನು ನೋಡಿ.

ತಲೆಸಾಲಿಗೆ: ಹೆಡರ್‌ನಲ್ಲಿ 'ಡಿಫರೆಂಟ್ ಆಡ್ ಆ್ಯಂಡ್ ಈವನ್' ಟಿಕ್ ಮಾಡಿ. ಎಡಪುಟಕ್ಕೆ ಪುಸ್ತಕದ ಹೆಸರು ಟೈಪ್ ಮಾಡಿ. ಬಲಪುಟದಲ್ಲಿ ಇನ್ಸರ್ಟ್, ಕ್ವಿಕ್ ಪಾರ್ಟ್ಸ್, ಫೀಲ್ಡ್, ಅಲ್ಲಿ 'ಸ್ಟೈಲ್‌ರೆಫ್' ಆರಿಸಿ ಹೆಡಿಂಗ್ 1 ಕೊಡಿ. ಯಾವ ಅಧ್ಯಾಯದ ಪುಟವೋ ಅದರ ಹೆಸರು ತಾನೇ ಬರುತ್ತದೆ. ಪ್ರತಿ ಅಧ್ಯಾಯಕ್ಕೂ ಬೇರೆ ಸೆಕ್ಷನ್ ಬೇಕಿಲ್ಲ. ಸೆಕ್ಷನ್ ಬ್ರೇಕ್ ಒಂದೇ ಸಾಕು, ಮುನ್ನುಡಿ ಮುಗಿದು ಮೊದಲ ಅಧ್ಯಾಯ ಶುರುವಾಗುವ ಕಡೆ. ಅಲ್ಲಿ 'ಲಿಂಕ್ ಟು ಪ್ರೀವಿಯಸ್' ತೆಗೆದು ಪುಟಸಂಖ್ಯೆ 1ರಿಂದ ಶುರುಮಾಡಿ.

ಫೋಟೋಗೆ ಅಡ್ಡದಾರಿ ಇಲ್ಲ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಮೂಲ ಫೋಟೋ ಇದ್ದವರ ಮನೆಗೆ ಹೋಗಿ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕಕ್ಕೆ, ಸ್ಕ್ಯಾನ್ ಮಾಡಿಸಿ. ಚಿಕ್ಕ ಫೋಟೋ ಆದರೆ 600. ವರ್ಡ್ ಕೂಡ ಸೇವ್ ಮಾಡುವಾಗ ಚಿತ್ರವನ್ನು ಕುಗ್ಗಿಸುತ್ತದೆ. ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ ಅದನ್ನು ಮಾಡಬೇಡ ಅನ್ನುವ ಟಿಕ್ ಇದೆ, ಹಾಕಿ. ಚಿತ್ರ 'ಇನ್ ಲೈನ್ ವಿತ್ ಟೆಕ್ಸ್ಟ್' ಇರಲಿ. ಇಲ್ಲದಿದ್ದರೆ ಕೊಪ್ಪರಿಗೆಯ ಫೋಟೋ ಪದಪಟ್ಟಿಯಲ್ಲಿ ಹೋಗಿ ತೇಲುತ್ತಿರುತ್ತದೆ. ಚಿತ್ರ ಇರುವ ಸಾಲಿಗೆ ಮಾತ್ರ ಅಂತರ 'ಎಕ್ಸಾಕ್ಟ್ಲಿ' ಬೇಡ, 'ಸಿಂಗಲ್' ಕೊಡಿ, ಇಲ್ಲದಿದ್ದರೆ ಚಿತ್ರ ಕತ್ತರಿಸಿಹೋಗುತ್ತದೆ.

ಪ್ರಿಂಟಿಗೆ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟ ಎಲ್ಲ ಸರಿದುಬಿಡುತ್ತದೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಈಗಲೇ ಅರ್ಜಿ ಹಾಕಿ. ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಕೊಡುತ್ತದೆ, ಆನ್‌ಲೈನ್, ದುಡ್ಡು ಕೇಳುವುದಿಲ್ಲ. ಬಂದಮೇಲೆ ಹಕ್ಕು, ಪುಟ, ಬೆಲೆ, ಕಾಗದ ಎಲ್ಲ ಬರೆಯುವ ಎರಡನೇ ಪುಟದಲ್ಲಿ ಹಾಕಿದರಾಯಿತು.

ಆಲೆಮನೆ ಮೇಷ್ಟ್ರು, ಪಾಂಡವಪುರ ಕಡೆ

ಸ್ಟೈಲ್‌ರೆಫ್ ಬಂತು ಕಣಮ್ಮ! ಅಕ್ಷರ 11.5 ಮಾಡಿದೆ, ಸಂದು ಬಹಳ ಕಡಿಮೆಯಾಯಿತು. ಒಟ್ಟು ಪುಟ 418ಕ್ಕೆ ಬಂದು ನಿಂತಿದೆ. 16 ಪುಟದ ಫಾರಂ ಲೆಕ್ಕಕ್ಕೆ ಕೂರಿಸಬೇಕು ಅಂತ ಯಾರೋ ಹೇಳಿದರು. ನೂರು ಪ್ರತಿಗೂ ಅದು ಬೇಕಾ?

ಶಿವರಾಂಪೇಟೆ ಡಿಟಿಪಿ

ದೊಡ್ಡ ಹಾಳೆಯಲ್ಲಿ ಹಲವು ಪುಟ ಒಟ್ಟಿಗೆ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣಕ್ಕೆ ಬೇಕು. 416 ಅಂದರೆ ಸರಿಯಾಗಿ 26 ಫಾರಂ, ನಿಮ್ಮದು ಎರಡೇ ಪುಟ ಜಾಸ್ತಿ. ನೂರು ಪ್ರತಿ ಡಿಜಿಟಲ್‌ಗೆ ಆ ಲೆಕ್ಕ ಬೇಕಿಲ್ಲ. ಆದರೂ ಮುಂದೆ ಐನೂರು ಪ್ರತಿ ಹಾಕಿಸುವ ಮನಸ್ಸಾದರೆ ಅಂತ ಈಗಲೇ 416ಕ್ಕೆ ತನ್ನಿ. ಅಧ್ಯಾಯದ ಕೊನೇ ಪುಟದಲ್ಲಿ ಬರೀ ಎರಡು ಮೂರು ಸಾಲು ಉಳಿದಿರುವ ಕಡೆ ಹುಡುಕಿ, ಹಿಂದಿನ ಯಾವುದಾದರೂ ಪ್ಯಾರಾದಲ್ಲಿ ನಾಲ್ಕು ಪದ ಕಡಿಮೆ ಮಾಡಿ. ಅಂಥವು ಎರಡು ಸಿಕ್ಕರೆ ಸಾಕು. ತ್ರಿಪದಿಗೆ ಮಾತ್ರ ಕೈ ಹಾಕಬೇಡಿ.