ಎಡಗಡೆ ಎಂಜಿನ್ ಮೌಂಟಿಂಗ್ ಪದೇ ಪದೇ ಹರೀತಿದೆ, ಕಬ್ಬಿಣದ್ದು ಹಾಕಬಹುದಾ?

ಹಳೇಗಾಡಿ:
ಕಾರ್ಬ್ಯುರೇಟರ್ ಪೆಟ್ರೋಲ್ ಗಾಡಿ, ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಡ್ರೈವ್. ಮೌಂಟಿಂಗ್ ಅಂದ್ರೆ ಎಂಜಿನ್ನನ್ನ ಚಾಸಿ (ಗಾಡಿಯ ಚೌಕಟ್ಟು) ಮೇಲೆ ಕೂರಿಸೋ, ಎರಡು ಪ್ಲೇಟ್ ನಡುವೆ ರಬ್ಬರ್ ಇರೋ ಆಸರೆ. ಎಡ ಮೌಂಟಿಂಗ್‌ನ ರಬ್ಬರ್ ಹಾಕಿದಷ್ಟು ಸಲವೂ ಪ್ಲೇಟಿಂದ ಕಿತ್ತುಬರ್ತಿದೆ. ಬಲಗಡೆಯದು ಚೆನ್ನಾಗೇ ಇದೆ. ರಬ್ಬರ್ ಬಿಟ್ಟು ಕಬ್ಬಿಣದ್ದೇ ಮಾಡಿಸಿದರೆ ಹೇಗೆ?

ಸ್ಪ್ಯಾನರ್14:
ಎಡದ್ದೇ ಹೋಗೋದು ಸಹಜ. ಮುಂದಿನಿಂದ ನೋಡಿದಾಗ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಗಡಿಯಾರದ ಮುಳ್ಳಿನಂತೆ ತಿರುಗುತ್ತೆ, ಬ್ಲಾಕ್ (ಎಂಜಿನ್ನಿನ ಎರಕದ ಒಡಲು) ಅದಕ್ಕೆ ಎದುರು ವಾಲುತ್ತೆ. ಆಕ್ಸಿಲರೇಟರ್ ತುಳಿದಾಗ, ಡ್ರೈವರ್ ಸೀಟಿನ ಲೆಕ್ಕದಲ್ಲಿ, ಬಲಗಡೆ ಒತ್ತಡ, ಎಡಗಡೆ ಮೇಲಕ್ಕೆ ಎಳೆತ. ರಬ್ಬರ್ ಒತ್ತಡ ತಡೆಯುತ್ತೆ, ಎಳೆತಕ್ಕೆ ಅಂಟು ಬಿಡುತ್ತೆ.

ಮೊದಲು ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲಿನ ಮುಚ್ಚಳದಡಿ ಆಯಿಲ್ ತಡೆಯೋ ಪಟ್ಟಿ) ನೋಡಿ. ಮೇಲಿಂದ ಆಯಿಲ್ ಜಿನುಗ್ತಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ, ಉಗುರು ಒತ್ತಿದರೆ ಗುರುತು ಉಳಿಯುತ್ತೆ. ಸೋರಿಕೆ ನಿಲ್ಲಿಸದೆ ಹೊಸದು ಹಾಕೋದು ದಂಡ. ಗೇರ್‌ಬಾಕ್ಸ್ ಮೌಂಟಿಂಗ್ ಕುಸಿದಿದ್ದರೂ ಮುಂದಿನವು ತಿರುಚಿಕೊಂಡೇ ಕೂತಿರ್ತವೆ.

ಕಪ್ಪುಗ್ರೀಸ್:
ಕಬ್ಬಿಣದ್ದು ಬೇಡವೇ ಬೇಡ. ಚಾಸಿ ತಿರುಚಿದಾಗ ಆ ಭಾರವೆಲ್ಲ ಬ್ಲಾಕ್ ಮತ್ತು ಗೇರ್‌ಬಾಕ್ಸ್‌ನ ಕಿವಿಗಳ (ಮೌಂಟಿಂಗ್ ಬೋಲ್ಟ್ ಕೂರೋ ಚಾಚುಗಳ) ಮೇಲೆ ಬೀಳುತ್ತೆ. ಎರಕದ ಕಿವಿ ಬಿರುಕು ಬಿಟ್ಟರೆ ಮೌಂಟಿಂಗ್ ಖರ್ಚು ಏನೂ ಅಲ್ಲ ಅನ್ನಿಸುತ್ತೆ. ರಬ್ಬರ್ ಬದಲು ಪಾಲಿಯುರಿಥೇನ್ (ಗಟ್ಟಿ ಪ್ಲಾಸ್ಟಿಕ್) ಆದರೆ ತಡೆಯುತ್ತೆ, ಆದರೆ ಐಡ್ಲಿಂಗ್‌ನಲ್ಲಿ ಸ್ಟೇರಿಂಗ್ ನಡುಗೋದನ್ನ ಸಹಿಸಬೇಕು.

ಸಿಕ್ಕರೆ ಇಂಟರ್‌ಲಾಕ್ ಮೌಂಟಿಂಗ್ ಹಾಕಿ: ರಬ್ಬರ್ ಹರಿದರೂ ಎರಡು ಪ್ಲೇಟುಗಳು ಒಂದಕ್ಕೊಂದು ಕೊಂಡಿಯಾಗಿ ಹಿಡಿದಿರ್ತವೆ. ಇಲ್ಲದಿದ್ದರೆ ಎಡಗಡೆ ತಡೆ ಕೇಬಲ್, ಅಂದ್ರೆ ಎಂಜಿನ್ ಮೇಲಕ್ಕೆ ಏಳದಂತೆ ಹಿಡಿಯೋ ಉಕ್ಕಿನ ಹಗ್ಗ. 1971ರಲ್ಲಿ ಶೆವ್ರೊಲೆ 60 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನ ವಾಪಸ್ ಕರೆದು ಹಾಕಿದ್ದು ಇದನ್ನೇ; ಎಂಜಿನ್ ಎದ್ದರೆ ಥ್ರಾಟಲ್ ಲಿಂಕೇಜ್ (ಆಕ್ಸಿಲರೇಟರ್ ಪೆಡಲ್‌ಗೂ ಕಾರ್ಬ್ಯುರೇಟರ್‌ಗೂ ನಡುವಿನ ಜೋಡಣೆ) ಎಳೆದು ತೆರೆದುಕೊಳ್ಳುವ ಅಪಾಯ ಇತ್ತು. ನಿಮ್ಮದೂ ರಾಡ್ ಲಿಂಕೇಜ್ ಆಗಿದ್ದರೆ ಹರಿದ ಮೌಂಟಿಂಗ್‌ನಲ್ಲಿ ಓಡಿಸಬೇಡಿ.

ಹಳೇಗಾಡಿ:
ರಾಡೇ. ಕೇಬಲ್ ಎಷ್ಟು ಬಿಗಿ ಇರಬೇಕು?

ಕಪ್ಪುಗ್ರೀಸ್:
ಬಿಗಿ ಇರಲೇಬಾರದು, ನಡುಕ ನೇರ ಬಾಡಿಗೆ ಬರುತ್ತೆ. ನ್ಯೂಟ್ರಲ್‌ನಲ್ಲಿ 6–8 ಮಿ.ಮೀ. ಸಡಿಲ ಬಿಡಿ. ಮೇಲಿನ ತುದಿ ಬ್ಲಾಕ್ ಮೇಲೆ ಕೂತಿರೋ ಹೆಡ್‌ನ ಖಾಲಿ ಥ್ರೆಡ್ ತೂತಿಗೆ, ಕೆಳಗಿನದು ಚಾಸಿಗೆ, 8.8 ಗ್ರೇಡ್ (ಗಟ್ಟಿ ಉಕ್ಕಿನ) ಬೋಲ್ಟಲ್ಲಿ. ಆಲ್ಟರ್ನೇಟರ್ ಬ್ರಾಕೆಟ್‌ಗೆ ಕಟ್ಟಬೇಡಿ, ಬಾಗುತ್ತೆ.

ಸ್ಪ್ಯಾನರ್14:
ಮೌಂಟಿಂಗ್ ಹಾಕುವಾಗ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ದಪ್ಪ ಮರದ ತುಂಡಿಟ್ಟು ಜಾಕ್ ಕೊಡಿ. ಫ್ಯಾನ್ ರೇಡಿಯೇಟರ್‌ಗೆ ತಾಗುತ್ತಾ, ಹೋಸ್ ಎಳೆಯುತ್ತಾ ನೋಡ್ತಾ ನಿಧಾನಕ್ಕೆ ಎತ್ತಿ. ಎಡ, ಬಲ ಎರಡನ್ನೂ ಬದಲಿಸಿ. ಬೋಲ್ಟೆಲ್ಲ ಕೈಬಿಗಿಯಲ್ಲೇ ಬಿಟ್ಟು ಜಾಕ್ ಇಳಿಸಿ, ಎಂಜಿನ್ ಒಂದೆರಡು ಸಲ ಅಲುಗಿಸಿ ಕೂರಿಸಿ, ಆಮೇಲೆ ಪೂರ್ತಿ ಬಿಗಿ ಮಾಡಿ. ಮೇಲಿರುವಾಗಲೇ ಬಿಗಿದರೆ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡಿರುತ್ತೆ.